ಅಕ್ಕ ಎದ್ದ ಸುದ್ದಿ

ಯಡಿಯೂರಿನಲ್ಲಿ ತಮ್ಮನ ಮೊಮ್ಮಗನ ಜವಳ ಮುಗಿದ ಸಂಜೆ ನಾನು ತುಮಕೂರಿಗೆ ಹಿಂತಿರುಗಿಬಿಟ್ಟಿದ್ದರೆ ಈ ಸಂಗತಿ ನನಗೆ ಬಹುಶಃ ಎಂದಿಗೂ ತಿಳಿಯುತ್ತಿರಲಿಲ್ಲ. ನನ್ನ ಹೆಂಡತಿ ನೆಂಟರ ಕಾರಿನಲ್ಲಿ ಹೊರಟುಹೋದಳು. ಗುಬ್ಬಿಯಿಂದ ಬಂದಿದ್ದ ಅಕ್ಕ ಊಟವಾದ ಕೂಡಲೇ ಮಗನೊಡನೆ ಹೊರಟಳು. ತೋಟದ ಮನೆಯಲ್ಲಿ ಹಸು ಕಟ್ಟಿದವರಿಗೆ ಪರಸ್ಥಳದಲ್ಲಿ ರಾತ್ರಿ ಕಳೆಯುವ ಸ್ವಾತಂತ್ರ್ಯವಿಲ್ಲ. ನಾನು ಮಾತ್ರ ತಮ್ಮನ ಒತ್ತಾಯಕ್ಕೆ ಮಣಿದು ಕುಣಿಗಲ್ಲಿನ ಅವನ ಮನೆಯಲ್ಲಿ ಉಳಿದೆ.

ಬೆಳಿಗ್ಗೆ ನಡುಮನೆಯಲ್ಲಿ ಕುಳಿತು ಪತ್ರಿಕೆಯ ಪುಟ ತಿರುವುತ್ತಿದ್ದೆ. ಟಿ.ವಿ.ಯ ಪಕ್ಕದಲ್ಲಿದ್ದ ತಮ್ಮನ ಫೋನು ಒಮ್ಮೆ ಸದ್ದು ಮಾಡಿ ನಿಂತಿತು. ತಮ್ಮ ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದ. ಬಾಯಿ ಮುಕ್ಕಳಿಸಿ ಒಳಗೆ ಬಂದವನು ಫೋನಿನ ಕಡೆ ನೋಡಲೂ ಇಲ್ಲ. ಅಡುಗೆಮನೆಯ ಕಡೆಗೆ ಮುಖ ಮಾಡಿ, "ಅಕ್ಕ ಎದ್ಲು ಕಣೇ, ಕಾಫಿಗಿಡು" ಎಂದ. ಆಮೇಲೆ ಫೋನನ್ನು ಕೈಗೆತ್ತಿಕೊಂಡು ಒಂದು ಗುಂಡಿಯೊತ್ತಿ, ಕಿವಿಗೂ ಹಿಡಿಯದೆ, ಆ ಕಡೆ ಒಮ್ಮೆ ಸದ್ದಾಗುವಷ್ಟು ಹೊತ್ತು ಕಾದು ಕಟ್ ಮಾಡಿದ.

"ಏನದು?" ಎಂದು ಕೇಳಿದೆ.

"ಏನಿಲ್ಲ ಬುಡಣ್ಣ. ಅಕ್ಕ ದಿನಾ ಒಂದು ಮಿಸ್ ಕಾಲ್ ಕೊಡ್ತಾಳೆ. ಎದ್ದಿದೀನಿ ಅಂತ."

"ಏನಾದ್ರೂ ಹೇಳೋದಿತ್ತಾ?"

"ಹೇಳೋದೇನು? ನೆನ್ನೆ ಜವಳದಲ್ಲಿ ನಮ್ ಜೊತೇಲೇ ಇದ್ಲಲ್ಲ. ಎದ್ದಿದೀನಿ ಅಂತ, ಅಷ್ಟೇ. ನಾನೂ ಎದ್ದಿದೀನಿ ಅಂತ ಒಂದು ಕೊಡ್ತೀನಿ. ಮುಗೀತು."

"ದಿನಾನೂ?"

"ದಿನಾನೂ. ಯಾಕಣ್ಣ, ನಿಂಗೆ ಕೊಡಲ್ವಾ?"

ಅವನು ಚುಚ್ಚಲೆಂದು ಕೇಳಿದ್ದರೆ ಸಹಿಸಿಕೊಳ್ಳುತ್ತಿದ್ದೆನೇನೋ. ಅವನ ಮುಖದಲ್ಲಿದ್ದದ್ದು ನಿಜವಾದ ಅಚ್ಚರಿ. ಒಡಹುಟ್ಟಿದವರಿಗೆಲ್ಲ ಅಕ್ಕ ಬೆಳಿಗ್ಗೆ ಹೀಗೆ ಸುದ್ದಿ ಮುಟ್ಟಿಸುತ್ತಾಳೆಂದೇ ಅವನು ಇಷ್ಟು ಕಾಲ ತಿಳಿದಿದ್ದ. "ನಂಗ್ಯಾಕೆ ಕೊಡ್ಬೇಕು? ಬೇಕಾದಾಗ ಮಾತೇ ಆಡ್ತೀವಲ್ಲ" ಎಂದು ನಾನು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದೆ. ಮುಂದೆ ಓದಿದ್ದೇನೆಂದು ಈಗ ನೆನಪಿಲ್ಲ. ನಾವು ಮೂವರೇ. ಅಕ್ಕ ಎದ್ದ ಸುದ್ದಿ ದಿನವೂ ಗುಬ್ಬಿಯಿಂದ ಹೊರಟು, ತುಮಕೂರಿನಲ್ಲಿರುವ ನನ್ನನ್ನು ದಾಟಿಕೊಂಡು, ಕುಣಿಗಲ್ಲಿಗೆ ಹೋಗುತ್ತಿತ್ತು. ಭೂಪಟದಲ್ಲಿ ನೋಡಿದರೂ ನಾನೇ ಹತ್ತಿರದವನು.

ಈ ಅಸೂಯೆಗೆ ಇನ್ನೊಂದು ಮುಖವೂ ಇತ್ತು. ನನ್ನ ವೃತ್ತಿಜೀವನದ ಬಹುಪಾಲು ನಿಸ್ತಂತು ದೂರಸಂಪರ್ಕವನ್ನು ಕುರಿತ ಸಂಶೋಧನೆಯಲ್ಲಿ ಕಳೆದಿದೆ. ಬಡ ನಾಡುಗಳ ಆರ್ಥಿಕತೆಯಲ್ಲಿ ತಂತಿಯಿಲ್ಲದ ದೂರವಾಣಿ ಏನನ್ನು ಬದಲಿಸಿತು ಎಂಬುದು ಬೆಂಗಳೂರಿನ ನಮ್ಮ ಸಂಸ್ಥೆಯಲ್ಲಿ ನನ್ನ ವಿಷಯವಾಗಿತ್ತು. ಅಧ್ಯಯನಕ್ಕಾಗಿ ನನ್ನ ಜಿಲ್ಲೆಯ ಹಳ್ಳಿಗಳನ್ನೇ ಆರಿಸಿಕೊಂಡಿದ್ದೆ. ಕೋರದ ಸುತ್ತ ಹೂ ಬೆಳೆಯುವವರನ್ನು, ಗೂಳೂರಿನ ತರಕಾರಿಯವರನ್ನು, ಗುಬ್ಬಿಯ ಕೊಬ್ಬರಿ ವರ್ತಕರನ್ನು ಕಂಡು ಪ್ರಶ್ನೆ ಕೇಳುತ್ತ ವರ್ಷಗಟ್ಟಲೆ ತಿರುಗಿದ್ದೇನೆ. ದಿನಕ್ಕೆ ಎಷ್ಟು ಕರೆ ಮಾಡುತ್ತೀರಿ ಎಂಬುದು ನಮ್ಮ ಮೊದಲ ಪ್ರಶ್ನೆ. ಕೋರದ ಬಳಿ ಸೇವಂತಿಗೆ ಬೆಳೆಯುತ್ತಿದ್ದ ಹೆಂಗಸೊಬ್ಬಳು ನನ್ನ ಮುಖವನ್ನೇ ನೋಡಿ, "ಕಾಲ್ ಮಾಡಕ್ಕೆ ಕರೆನ್ಸಿ ಎಲ್ಲೈತೆ ಸ್ವಾಮಿ? ನಂದೆಲ್ಲ ಬರೀ ಮಿಸ್ ಕಾಲು" ಎಂದು ನಕ್ಕಿದ್ದಳು. ಫೋನಿನಲ್ಲಿ ಉಳಿದಿರುವ ದುಡ್ಡಿಗೆ ನಮ್ಮ ಜನ ಕರೆನ್ಸಿ ಎನ್ನುತ್ತಾರೆ. ಅವಳು ಆಟೋದವನಿಗೆ ಒಂದು ರಿಂಗು ಕೊಟ್ಟರೆ ಹೂವಿನ ಮೂಟೆ ಸಿದ್ಧವಾಗಿದೆಯೆಂದು ಅರ್ಥ. ಅವನು ಹಿಂದಕ್ಕೆ ಒಂದು ರಿಂಗು ಕೊಟ್ಟರೆ ಹೊರಟಿದ್ದೇನೆಂದು ಅರ್ಥ. ಇಬ್ಬರಿಗೂ ಕಾಸು ಖರ್ಚಿಲ್ಲ. ಕಂಪನಿಯ ಗೋಪುರ ಮಾತ್ರ ಪುಕ್ಕಟೆಯಾಗಿ ದುಡಿಯುತ್ತಿತ್ತು.

ಆ ಹೆಂಗಸಿನ ಮಾತಿನಿಂದ ನನ್ನ ಒಂದು ಪ್ರಬಂಧ ಹುಟ್ಟಿತು. ಸ್ವೀಕರಿಸದ ಕರೆಯನ್ನು ಲೆಕ್ಕಕ್ಕೆ ಹಿಡಿಯದ ಅರ್ಥಶಾಸ್ತ್ರ ಹಳ್ಳಿಯ ದೂರಸಂಪರ್ಕದ ಅರ್ಧವನ್ನೇ ಕಾಣುತ್ತದೆ ಎಂದು ಅದರಲ್ಲಿ ವಾದಿಸಿದ್ದೆ. ಅಂಥ ಕರೆಗಳನ್ನು ವರ್ಗೀಕರಿಸಿಯೂ ಇದ್ದೆ: ತಲುಪಿದ್ದೇನೆ ಎಂಬುದು, ಸರಕು ಸಿದ್ಧವಿದೆ ಎಂಬುದು, ನೀನೇ ತಿರುಗಿ ಕರೆ ಮಾಡು ಎಂಬುದು. ಕರೆಯ ಬೆಲೆ ಇಳಿದಂತೆ ಈ ಪದ್ಧತಿ ತಾನಾಗಿ ಕಣ್ಮರೆಯಾಗುತ್ತದೆ ಎಂದು ಕೊನೆಯ ಪುಟದಲ್ಲಿ ಧೈರ್ಯವಾಗಿ ಬರೆದಿದ್ದೆ. ಎದ್ದಿದ್ದೇನೆ ಎಂಬ ವರ್ಗ ಅಲ್ಲಿ ಇರಲಿಲ್ಲ. ಈಗ ಎಷ್ಟು ಮಾತನಾಡಿದರೂ ಅದೇ ಬೆಲೆ. ಆದರೂ ಅಕ್ಕ ಕುಣಿಗಲ್ಲಿಗೆ ಒಂದೇ ಒಂದು ರಿಂಗು ಕೊಟ್ಟು ಇಡುತ್ತಾಳೆ. ಕಾಸು ಉಳಿಸಲು ಎಂಬ ಸಮಾಧಾನವೂ ನನಗೆ ಉಳಿದಿರಲಿಲ್ಲ.

ಕಾಫಿ ಕುಡಿಯುತ್ತ ತಮ್ಮನನ್ನು ಆದಷ್ಟು ಉದಾಸೀನದ ದನಿಯಲ್ಲಿ ಕೇಳಿದೆ: "ಇದು ಯಾವಾಗಿಂದ?"

"ಅಯ್ಯೋ, ಯಾವಾಗ್ಲಿಂದ್ಲೋ. ನಾನು ಮೊದಲ್ನೇ ಫೋನ್ ತಗೊಂಡಾಗ್ಲಿಂದ."

"ಅದು ಯಾವಾಗ?"

"ಈ ಮನೆ ಗೃಹಪ್ರವೇಶ ಆದ್ಮೇಲೆ."

"ಅಂಗಡಿ ಹಾಕಿದ್ದಕ್ಕೆ ಮೊದ್ಲೋ, ಆಮೇಲೋ?"

ಅವನು ಹೆಂಡತಿಯ ಕಡೆಗೆ ತಿರುಗಿ, "ನೋಡೇ, ಶುರುವಾಯ್ತು ಅಣ್ಣಂದು ತಾರೀಖಿನ ವ್ಯವಹಾರ" ಎಂದ. ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತಿಕೊಡುವ ಅಂಗಡಿ ಅವನದು; ಅಂಗಡಿಗೆ ಫೋನು ಬೇಕಾಯಿತೆಂದೇ ಅವನು ಮೊದಲ ಮೊಬೈಲು ಕೊಂಡದ್ದೆಂದು ನನಗೆ ನೆನಪು. ಅಂಗಡಿ ಮೊದಲು, ಮನೆ ಆಮೇಲೆ. ನಾನು ಎದ್ದು ಅಡುಗೆಮನೆಗೆ ಹೋಗಿ, ಗೃಹಪ್ರವೇಶಕ್ಕೆ ನಾವೇ ಕೊಟ್ಟಿದ್ದ ಸ್ಟೀಲ್ ಕೊಳಗವನ್ನು ಹುಡುಕಿ ಕವುಚಿದೆ. ನಮ್ಮ ಕಡೆ ಉಡುಗೊರೆಯ ಪಾತ್ರೆಯ ಮೇಲೆ ಕೊಟ್ಟವರ ಹೆಸರನ್ನೂ ದಿನವನ್ನೂ ಕೆತ್ತಿಸುವ ರೂಢಿ ಇರುವುದರಿಂದ ಕುಟುಂಬದ ಕಾಲಾನುಕ್ರಮಣಿಕೆಗೆ ಪಾತ್ರೆಗಳಷ್ಟು ನಂಬುಗೆಯ ಆಕರ ಬೇರೆ ಇಲ್ಲ. ಅಂಗಡಿಯ ಪೂಜೆಗೆ ಕೊಟ್ಟಿದ್ದ ತಂಬಿಗೆಯೂ ಅಲ್ಲೇ ಇತ್ತು. ಎರಡನ್ನೂ ಹೋಲಿಸಿದೆ. ತಮ್ಮನದು ತಪ್ಪು. ಅವನ ಫೋನು ಮನೆಗಿಂತ ಹಿಂದಿನದು. ಎಂದರೆ ಈ ಮಿಸ್ಡ್ ಕಾಲ್ ಅವನು ಹೇಳಿದ್ದಕ್ಕಿಂತಲೂ ಹಳೆಯದು. ನನ್ನ ಪ್ರಬಂಧ ಅಚ್ಚಾಗುವುದಕ್ಕೆ ಬಹಳ ಮುಂಚಿನದು. ನಾನು ಕೋರದ ಬಯಲಿನಲ್ಲಿ ಪರರ ಮಿಸ್ಡ್ ಕಾಲ್‌ಗಳನ್ನು ಎಣಿಸುತ್ತ ನಿಂತಿದ್ದ ಬೆಳಗುಗಳಲ್ಲೆಲ್ಲ ಗುಬ್ಬಿಯಿಂದ ಕುಣಿಗಲ್ಲಿಗೆ ಒಂದು ನನ್ನ ತಲೆಯ ಮೇಲೆಯೇ ಹಾದುಹೋಗಿತ್ತು. ತಮ್ಮನ ತಪ್ಪು ಹಿಡಿದ ಸಂತೋಷ ಆ ತಂಬಿಗೆಯನ್ನು ಮತ್ತೆ ಕವುಚಿಡುವವರೆಗೂ ಉಳಿಯಲಿಲ್ಲ.

ತುಮಕೂರಿಗೆ ಬಂದ ಮೇಲೆ ಹೆಂಡತಿಗೆ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು.

"ಅದಕ್ಯಾಕೆ ಇಷ್ಟು ಮುಖ ಊದಿಸ್ಕೊಂಡಿದೀರಿ? ಅವರವರ ಅಭ್ಯಾಸ" ಎಂದಳು.

"ಮುಖ ಏನೂ ಊದಿಲ್ಲ. ಸಂಶೋಧನೆಯ ದೃಷ್ಟಿಯಿಂದ ಕುತೂಹಲ, ಅಷ್ಟೇ."

"ಸಂಶೋಧನೆ! ಅಕ್ಕ ತಮ್ಮಂಗೆ ಕೆನೆ ಹಾಕ್ತಿದ್ಲು, ನಂಗೆ ಬರೀ ಹಾಲು ಅಂತ ಮದುವೆಯಾದ ಹೊಸದ್ರಲ್ಲಿ ಹೇಳಿದ್ರಲ್ಲ, ಅದೇ ಸಂಶೋಧನೆ ಇದು. ಇನ್ನೂ ಮುಗಿದಿಲ್ಲ."

ಕೆನೆಯ ವಿಷಯ ನಿಜ. ಅವ್ವ ಹೊಲದ ಕೆಲಸಕ್ಕೆ ಹೋಗುತ್ತಿದ್ದುದರಿಂದ ನಮ್ಮಿಬ್ಬರನ್ನೂ ಸಾಕಿದವಳು ಅಕ್ಕನೇ. ತಮ್ಮ ನಡೆಯಲು ಕಲಿತ ಮೇಲೂ ಅವಳ ಸೊಂಟ ಬಿಡಲಿಲ್ಲ. ನಾನು ಓದಿನಲ್ಲಿ ಮುಂದಿದ್ದೇನೆಂದು ಬಲುಬೇಗ ತುಮಕೂರಿನ ವಿದ್ಯಾರ್ಥಿನಿಲಯಕ್ಕೆ ಬಂದೆ. ಊರಿನಲ್ಲಿದ್ದಾಗ ಎಲ್ಲರಿಗಿಂತ ಮೊದಲು ಅಕ್ಕ ಏಳುತ್ತಿದ್ದಳು. ಕೊಟ್ಟಿಗೆಗೆ ಹೋಗುವ ದಾರಿಯಲ್ಲಿ, ನಾವಿಬ್ಬರು ಮಲಗುತ್ತಿದ್ದ ಜಾಗದ ಪಕ್ಕದಲ್ಲಿದ್ದ ಮರದ ಪೆಟ್ಟಿಗೆಯನ್ನು ಬೆರಳಿನ ಗೆಣ್ಣಿನಿಂದ ಒಮ್ಮೆ ತಟ್ಟಿ ಹೋಗುವುದು ಅವಳ ಅಭ್ಯಾಸ. ಆ ಸದ್ದಿಗೆ ತಮ್ಮ ಮಗ್ಗುಲು ಬದಲಿಸಿ ಕಂಬಳಿ ಎಳೆದುಕೊಳ್ಳುತ್ತಿದ್ದ. ನಾನು ಎದ್ದು, ಮುಖ ತೊಳೆದು, ಪುಸ್ತಕ ಹಿಡಿಯುತ್ತಿದ್ದೆ. ಅವಳು ನನ್ನನ್ನು ಓದಲಿಕ್ಕೆ ಎಬ್ಬಿಸುತ್ತಿದ್ದಾಳೆಂದು ನಂಬಿದ್ದೆ. ಸೋಮಾರಿಯಾದ ತಮ್ಮನಿಗಿಂತ ನನ್ನ ಮೇಲೆ ಅವಳಿಗೆ ಹೆಚ್ಚು ಭರವಸೆ ಎಂಬುದಕ್ಕೆ ಅದೊಂದೇ ಪುರಾವೆಯಾಗಿತ್ತು.

ಆಮೇಲಿನ ಕೆಲವು ದಿನ ಬೆಳಿಗ್ಗೆ ಫೋನನ್ನು ದಿಂಬಿನ ಪಕ್ಕದಲ್ಲಿಟ್ಟುಕೊಂಡೆ. ತಮ್ಮ ಅಕ್ಕನಿಗೆ ಹೇಳಿರುತ್ತಾನೆ, ಅವಳಿಗೆ ಮನಸ್ಸಾಗುತ್ತದೆ ಎಂಬ ಆಸೆ. ಬಂದವು ಸಾಲ ಬೇಕೇ ಎಂದು ಕೇಳುವ ಕರೆಗಳು. ಒಂದು ದಿನ ನಾನೇ ಅಕ್ಕನಿಗೆ ಬೆಳಿಗ್ಗೆ ಫೋನು ಮಾಡಿದೆ.

"ಯಾರಿಗೇನಾಯ್ತೋ?" ಎಂಬುದು ಅವಳ ಮೊದಲ ಮಾತು.

"ಯಾರಿಗೂ ಏನೂ ಆಗಿಲ್ಲ. ಸುಮ್ನೆ ಮಾಡ್ದೆ."

"ಸುಮ್ನೆಯಾ? ಹಾಲು ಕರೀತಿದೀನಿ ಕಣೋ. ಆಮೇಲೆ ಮಾಡು."

ತಮ್ಮನ ರಿಂಗಿಗೆ ಹಾಲು ಕರೆಯುವುದು ಅಡ್ಡ ಬರುವುದಿಲ್ಲ, ನನ್ನ ಮಾತಿಗೆ ಬರುತ್ತದೆ. ಅಲ್ಲಿಗೆ ಸುಮ್ಮನಾಗಬೇಕಿತ್ತು. ಆಗಲಿಲ್ಲ. ತಮ್ಮ ಕೊಡಿಸಲಾಗದ್ದನ್ನು ನಾನು ಕೊಡಿಸಬಲ್ಲೆನೆಂದು ಒಂದು ಒಳ್ಳೆಯ ಸ್ಮಾರ್ಟ್ ಫೋನು ಕೊಂಡು, ಬಸ್ಸು ಹತ್ತಿ ಗುಬ್ಬಿಗೆ ಹೋದೆ. ಅಕ್ಕನ ಮನೆ ಊರಾಚೆಯ ತೆಂಗಿನ ತೋಟದಲ್ಲಿದೆ. ಮಗ, ಸೊಸೆ, ಮೊಮ್ಮಕ್ಕಳು, ತೆಂಗಿನಕಾಯಿ ಸುಲಿಯುವ ಆಳುಗಳು ಎಂದು ಸದಾ ಗಲಾಟೆಯಿರುವ ಮನೆ. ಒಂಟಿ ಹೆಂಗಸು ದಿನವೂ ತಾನು ಬದುಕಿರುವುದನ್ನು ತಿಳಿಸುತ್ತಾಳೆ ಎಂದು ವ್ಯಾಖ್ಯಾನಿಸಲು ಅಲ್ಲಿ ಯಾವ ಆಧಾರವೂ ಇಲ್ಲ. ನಾನು ಹೊಸ ಫೋನಿನಲ್ಲಿ ನನ್ನ ಚಿತ್ರವನ್ನು ಹಾಕಿ, ನನ್ನ ಸಂಖ್ಯೆಯನ್ನು ಎಲ್ಲಕ್ಕಿಂತ ಮೇಲೆ ಬರುವಂತೆ ಮಾಡಿಕೊಟ್ಟೆ.

"ಇಲ್ಲಿ ಮುಟ್ಟಿದ್ರೆ ನನ್ನ ಮುಖಾನೇ ಕಾಣುತ್ತೆ ಅಕ್ಕ" ಎಂದೆ.

"ನಿನ್ ಮುಖ ನಾನು ಕಾಣದ್ದಾ?" ಎಂದು ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಸೊಸೆಗೆ ಕೊಟ್ಟು, "ರೇಷ್ಮೆ ಸೀರೆ ಪಕ್ಕ ಇಕ್ಕವ್ವ, ಧೂಳು ಕೂತಾತು" ಎಂದಳು. ಸೊಂಟದ ಎಲೆಯಡಿಕೆ ಚೀಲದೊಳಗೆ ಹಳೆಯ ಗುಂಡಿ ಫೋನು ಮೊದಲಿನ ಹಾಗೆಯೇ ಇತ್ತು.

ಊಟವಾದ ಮೇಲೆ ತೋಟದಲ್ಲಿ ತಿರುಗಾಡಿದೆವು. ಬೇಲಿಯ ಆಚೆ ಪಕ್ಕದವರ ಜಮೀನಿನಲ್ಲಿ ಮೊಬೈಲ್ ಗೋಪುರ ನಿಂತಿದೆ. ಅದು ಬರುವ ಮೊದಲು ಅಲ್ಲಿ ಸಿಗ್ನಲ್ ಸಿಗುತ್ತಿದ್ದದ್ದು ಪಂಪ್‌ಹೌಸಿನ ಕಟ್ಟೆಯ ಮೇಲೆ ಮಾತ್ರ. ಅದನ್ನು ತೋರಿಸಿ ಅಕ್ಕ, "ಆಗ ಇದ್ರ ಮ್ಯಾಲೆ ಹತ್ತಿ ನಿಂತ್ಕಬೇಕಿತ್ತು, ಹುಂಜ ನಿಂತಂಗೆ" ಎಂದಳು. ಯಾರಿಗೆ ಫೋನು ಮಾಡಲು ಹಾಗೆ ನಿಲ್ಲುತ್ತಿದ್ದೆ ಎಂದು ಕೇಳಲು ನಾಲಗೆ ತುದಿಗೆ ಬಂದಿತ್ತು. ಉತ್ತರ ಗೊತ್ತಿದೆಯೆಂದುಕೊಂಡು ಕೇಳಲಿಲ್ಲ. ಮಿಸ್ಡ್ ಕಾಲ್ ವಿಷಯವನ್ನು ಎತ್ತಲೂ ಇಲ್ಲ. ಎತ್ತಿದರೆ ಅವಳು ಕೊಟ್ಟೇಬಿಡುತ್ತಿದ್ದಳು; ಕೇಳಿ ಪಡೆದದ್ದು ತಮ್ಮನಿಗೆ ಬರುವುದಕ್ಕೆ ಸಮನಾಗುತ್ತಿರಲಿಲ್ಲ.

ಬಸ್ಸಿನಲ್ಲಿ ಹಿಂತಿರುಗುವಾಗ ನನಗೊಂದು ಉಪಾಯ ಹೊಳೆಯಿತು. ಅವಳು ಕೊಡದಿದ್ದರೆ ನಾನೇ ಮೊದಲು ಕೊಡಬೇಕು. ಪದ್ಧತಿಯನ್ನು ತಮ್ಮನ ಮನೆಯಲ್ಲಿ ಕಣ್ಣಾರೆ ಕಂಡಿದ್ದೆ. ಒಂದು ರಿಂಗು ಕೊಟ್ಟು ಇಡುವುದು. ತಿರುಗಿ ಬಂದಾಗ ಎತ್ತದಿರುವುದು. ಎರಡನೆಯದೇ ಮುಖ್ಯ ನಿಯಮವೆಂದು ನನಗೆ ಮನದಟ್ಟಾಗಿತ್ತು.

ಮರುದಿನ ಬೆಳಿಗ್ಗೆ ಹೆಂಡತಿ ವಾಕಿಂಗಿಗೆ ಹೋಗಿದ್ದಳು; ಹೋದರೆ ದೇವಸ್ಥಾನ, ತರಕಾರಿ ಎಲ್ಲ ಮುಗಿಸಿಯೇ ಬರುವುದು. ನಾನು ಅಕ್ಕನಿಗೆ ಒಂದು ರಿಂಗು ಕೊಟ್ಟು ಇಟ್ಟೆ. ತುಸು ಹೊತ್ತಿನಲ್ಲೇ ನನ್ನ ಫೋನು ಸದ್ದು ಮಾಡತೊಡಗಿತು. ಅಕ್ಕ! ನಾನು ಕೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕುಳಿತೆ. ಸದ್ದು ಒಂದಕ್ಕೇ ನಿಲ್ಲಲಿಲ್ಲ. ಪೂರ್ತಿ ಆಗುವವರೆಗೂ ಕೂಗಿ ನಿಂತಿತು. ತಮ್ಮನಿಗೆ ಒಂದೇ ರಿಂಗು, ನನಗೆ ಇಷ್ಟೊಂದು ಎಂದು ಮನಸ್ಸು ಹಿಗ್ಗಿತು. ಮತ್ತೆ ಕೂಗಿತು. ಮತ್ತೂ ಒಮ್ಮೆ. ಇಷ್ಟು ವರ್ಷದ ಬಾಕಿಯನ್ನೆಲ್ಲ ಒಂದೇ ಬೆಳಿಗ್ಗೆ ತೀರಿಸುತ್ತಿದ್ದಾಳೆಂದು ಭಾವಿಸಿ, ನಾನು ಉದಾರವಾಗಿ ಇನ್ನೊಂದು ರಿಂಗು ಕೊಟ್ಟು ಇಟ್ಟೆ. ನಡುವೆ ತಮ್ಮನಿಂದಲೂ ಒಂದು ಕರೆ ಬಂದಿತು. ಅದನ್ನೂ ಎತ್ತಲಿಲ್ಲ. ಅಕ್ಕ ಅವನಿಗೆ ಹೇಳಿರಬೇಕು, ಹೊಟ್ಟೆಯುರಿಗೆ ಮಾಡುತ್ತಿದ್ದಾನೆ ಎಂದುಕೊಂಡೆ. ಒಳಕೋಣೆಯಲ್ಲಿ ಹೆಂಡತಿಯ ಫೋನು ಚಾರ್ಜಿಗೆ ಹಾಕಿದ್ದು ಸದ್ದಿಲ್ಲದೆ ಮಿನುಗುತ್ತಿದ್ದುದನ್ನು ನಾನು ನೋಡಲೇ ಇಲ್ಲ.

ಸ್ನಾನ ಮಾಡಿ, ಹೆಂಡತಿ ಮುಚ್ಚಿಟ್ಟು ಹೋಗಿದ್ದ ಉಪ್ಪಿಟ್ಟನ್ನು ತಟ್ಟೆಗೆ ಬಡಿಸಿಕೊಂಡು ಕುಳಿತಿದ್ದೆ. ಮನೆಯ ಮುಂದೆ ತೆಂಗಿನಕಾಯಿ ತುಂಬಿದ ಲಗೇಜ್ ಆಟೋ ಬಂದು ನಿಂತಿತು. ಚಾಲಕನ ಪಕ್ಕದಿಂದ ಅಕ್ಕ ಇಳಿದಳು. ಬಾಗಿಲು ತೆರೆದೇ ಇತ್ತು. ಒಳಗೆ ಬಂದು, ನನ್ನನ್ನೂ ತಟ್ಟೆಯನ್ನೂ ನೋಡಿ, ಚೌಕಟ್ಟು ಹಿಡಿದು ನಿಂತಳು.

"ಏನ್ಲಾ, ಉಪ್ಪಿಟ್ಟು ತಿಂತಾ ಇದೀಯಾ?"

"ಬಾ ಅಕ್ಕ. ಏನಿದು ಇಷ್ಟು ಹೊತ್ತಿಗೇ..."

"ಕೈ ಎತ್ತು. ಎರಡೂ ಎತ್ತು. ಬಾಯಿ ಸೊಟ್ಟಗೆ ಹೋಗಿಲ್ಲ ತಾನೇ?"

ನಾನು ಎರಡೂ ಕೈ ಎತ್ತಿದೆ. ಒಂದರಲ್ಲಿ ಚಮಚವಿತ್ತು.

"ಫೋನ್ ಮಾಡ್ತೀಯ, ಇಟ್ಬುಡ್ತೀಯ. ನಾನು ಮಾಡುದ್ರೆ ಎತ್ತಲ್ಲ. ಮತ್ತೆ ಮಾಡುದ್ರೂ ಎತ್ತಲ್ಲ. ನಿನ್ ಹೆಂಡ್ತಿಗೆ ಮಾಡುದ್ರೆ ಅವಳೂ ಎತ್ತಲ್ಲ. ಮಧ್ಯದಲ್ಲಿ ಇನ್ನೊಂದು ದಪ ಮಾಡಿ ಇಟ್ಟೆ. ಲಕ್ವ ಹೊಡ್ದು ಮಾತು ಬಿದ್ದೋಗೈತೆ, ಗುಂಡಿ ಒತ್ತಕ್ಕೆ ಒಂದು ಬೆರಳು ಮಾತ್ರ ಆಡ್ತೈತೆ ಅಂದ್ಕಂಡು ಸಿಕ್ಕಿದ ಗಾಡಿ ಹತ್ತಿ ಬಂದಿದೀನಿ ಕಣೋ!"

"ಅದು ಮಿಸ್ಡ್ ಕಾಲ್ ಅಕ್ಕ."

"ಏನಕ್ಕೆ?"

"ಎದ್ದಿದೀನಿ ಅಂತ."

"ನೀನು ಎದ್ರೆ ನಂಗೇನ್ಲಾ?" ಎಂದಳು.

ಅಷ್ಟು ದಿನ ಒಳಗಿದ್ದದ್ದು ಆಗ ಹೊರಗೆ ಬಂತು. "ಅವನು ಎದ್ರೆ ಬೇಕು, ನಾನು ಎದ್ರೆ ಬೇಡ ಅಲ್ವಾ? ದಿನಾ ಬೆಳಿಗ್ಗೆ ಅವನಿಗೆ ಕೊಡ್ತೀಯ. ಯಾವ ಕಾಲದಿಂದ್ಲೋ ಕೊಡ್ತಿದೀಯ. ನಾನು ಇಲ್ಲೇ ಇದೀನಿ, ಗುಬ್ಬಿ ಪಕ್ಕದಲ್ಲಿ. ನಂಗೆ ಒಂದು ದಿನಾನಾದ್ರೂ ಕೊಟ್ಟಿದೀಯಾ?"

ಹೀಗೆ ನಾನು ಕೂಗುತ್ತಿರುವಾಗಲೇ ತಮ್ಮ ಹೆಲ್ಮೆಟ್ ತೆಗೆಯುವುದನ್ನೂ ಮರೆತು ಒಳಗೆ ನುಗ್ಗಿದ. ಕುಣಿಗಲ್ಲಿನಿಂದ ಬೈಕಿನಲ್ಲಿಯೇ ಬಂದಿದ್ದ. "ಆಂಬುಲೆನ್ಸ್‌ಗೆ ಹೇಳಿದೀರಾ?" ಎಂದು ಹೆಲ್ಮೆಟ್ಟಿನ ಒಳಗಿನಿಂದ ಕೇಳಿದ.

"ಬಾರಪ್ಪ, ನಿಮ್ಮಣ್ಣಂಗೆ ಮಾತು ಬಿದ್ದೋಗಿಲ್ಲ, ಬೀದಿಗೆ ಕೇಳ್ತೈತೆ" ಎಂದು ಅಕ್ಕ ಸೋಫಾದ ಮೇಲೆ ಕುಳಿತಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಅದನ್ನು ನೋಡಿ ನಾನು ತಟ್ಟೆಯನ್ನು ಬದಿಗಿಟ್ಟೆ.

"ನಿಂಗೆ ಕೊಟ್ಟಿಲ್ಲ ಅಂದ್ಯಾ?" ಎಂದು ಅವಳು ಈ ಬಾರಿ ಮೆಲ್ಲಗೆ ಕೇಳಿದಳು. "ಮೊದ್ಲು ಕೊಟ್ಟಿದ್ದೇ ನಿಂಗೆ ಕಣೋ. ಇವಂಗಿಂತ ಮುಂಚೆ. ಇವಂಗೆ ಆಗ ಫೋನೆಲ್ಲಿತ್ತು? ಪಂಪ್‌ಹೌಸ್ ಕಟ್ಟೆ ಹತ್ತಿ ನಿಂತ್ಕಂಡು ಕೊಡ್ತಿದ್ದೆ. ಎಮ್ಮೆಗೆ ಹುಲ್ಲು ಹಾಕಿ, ಸೀದ ಅಲ್ಲಿಗೇ ಹೋಗ್ತಿದ್ದೆ. ನೀನು ಒಂದು ರಿಂಗಿಗೇ ಎತ್ಬುಡ್ತಿದ್ದೆ."

"ಎತ್ತದೆ ಇರ್ತಾರಾ?"

"ಎತ್ತಿ, 'ಹೇಳಕ್ಕ, ಏನು ವಿಷ್ಯ?' ಅಂತಿದ್ದೆ. ವಿಷ್ಯ ಏನಿರ್ತದೆ? ಎದ್ದಿದೀನಿ ಅನ್ನೋದು ಒಂದು ವಿಷ್ಯವಾ? ನಂಗೆ ನಾಚ್ಕೆಯಾಗೋದು. ಮಳೆ ಬಂತು ಅಂತಿದ್ದೆ, ಎಮ್ಮೆ ಈಯ್ತು ಅಂತಿದ್ದೆ. ನೀನು ಎಷ್ಟು ಮಳೆ, ಯಾವತ್ತು ಬಂತು, ಎಷ್ಟೊತ್ತು ಬಂತು ಅಂತ ಕೇಳ್ತಾ ಹೋಗ್ತಿದ್ದೆ. ಅಷ್ಟೊತ್ತಿಗೆ ಕರೆನ್ಸಿ ಎಲ್ಲಾ ಖಾಲಿ. ನಿಮ್ ಭಾವ ಬಯ್ಯೋರು. ಒಂದು ವಾರ ನೋಡ್ದೆ, ಆಮ್ಯಾಕೆ ನಿಲ್ಲಿಸ್ದೆ."

"ಎತ್ತಬೇಡ ಅಂತ ನನಗೆ ಹೇಳಬಹುದಿತ್ತಲ್ಲ."

"ಎತ್ತಬೇಡ ಅಂತ ಹೇಳಕ್ಕೆ ಫೋನ್ ಮಾಡ್ಲಾ?"

ತಮ್ಮ ನಕ್ಕುಬಿಟ್ಟ. ನಾನು ಅವನ ಕಡೆಗೆ ತಿರುಗಿದೆ. "ನಿನಗೆ ಯಾರು ಹೇಳಿದ್ರು, ಎತ್ತಬಾರದು ಅಂತ?"

"ನಂಗ್ಯಾರು ಹೇಳ್ತಾರಣ್ಣ? ಬೆಳಿಗ್ಗೆ ಹೊತ್ತು ಏಳಕ್ಕೆ ಬೇಜಾರು. ಕೂಗ್ಲಿ ಬುಡು ಅಂತ ಮಲಗಿರ್ತಿದ್ದೆ. ಆಮೇಲೆ ಅದೇ ಅಭ್ಯಾಸ ಆಯ್ತು."

"ಸೋಮಾರಿ ಕಣೋ ಅವ್ನು. ಎತ್ತಲಿಲ್ಲ. ಸರಿಹೋಯ್ತು" ಎಂದಳು ಅಕ್ಕ.

ಸಂಸ್ಥೆ ನನಗೆ ಮೊದಲ ಮೊಬೈಲು ಕೊಟ್ಟದ್ದು ಯಾವಾಗ, ಗುಬ್ಬಿಯ ಪೇಟೆಯ ಗೋಪುರದಿಂದ ಅಕ್ಕನ ತೋಟದವರೆಗೆ ಸಿಗ್ನಲ್ ಬಂದದ್ದು ಯಾವಾಗ, ತಮ್ಮನ ಅಂಗಡಿಯ ಪೂಜೆಯಾದದ್ದು ಯಾವಾಗ ಎಂದು ಮನಸ್ಸಿನಲ್ಲೇ ಜೋಡಿಸತೊಡಗಿದೆ. ಭಾವ ಬಯ್ಯುತ್ತಿದ್ದರೆಂದರೆ ಅವರು ತೀರಿಕೊಳ್ಳುವ ಮೊದಲು. ಎಮ್ಮೆ ಈದದ್ದೆಂದರೆ ಅವರು ಎಮ್ಮೆಗಳನ್ನು ಮಾರಿ ಸೀಮೆಹಸು ಕಟ್ಟುವ ಮೊದಲು. ಎಲ್ಲವೂ ಕೂಡಿಬಂದವು. ಅಕ್ಕ ಹೇಳಿದ್ದು ಸರಿ. ಬೆಳಿಗ್ಗೆ ಬರುತ್ತಿದ್ದ ಆ ಕರೆಗಳು ನನಗೂ ನೆನಪಾದವು. ಮಳೆಯ ವಿವರವನ್ನು ಕಚೇರಿಯಲ್ಲಿ ಹೇಳಿದ್ದೂ ನೆನಪಾಯಿತು. ಆದರೆ ಇದೆಲ್ಲದರ ನಡುವೆ ನನ್ನ ಮನಸ್ಸು ಹಿಡಿದುಕೊಂಡದ್ದು ಒಂದೇ ಮಾತನ್ನು.

"ಹಾಗಾದ್ರೆ ಮೊದಲು ನನಗೆ" ಎಂದೆ ತಮ್ಮನಿಗೆ.

"ತಾರೀಖು ಕೇಳಣ್ಣ, ಬಿಡಬೇಡ. ಯಾವುದಾದ್ರೂ ಪಾತ್ರೆ ಮೇಲೆ ಕೆತ್ತಿರ್ತಾಳೆ."

"ತಿರುಗಿ ಶುರು ಮಾಡ್ತೀಯಾ ಅಕ್ಕ?" ಎಂದು ಕೇಳಿದೆ. ಕೇಳಿ ಪಡೆದದ್ದು ಸಮನಲ್ಲ ಎಂಬ ನನ್ನ ಸಿದ್ಧಾಂತ ಆ ಹೊತ್ತಿನಲ್ಲಿ ಎಲ್ಲಿ ಹೋಗಿತ್ತೋ.

"ಕೊಡ್ತೀನಿ. ನೀನು ಎತ್ತುದ್ರೆ ಮಾತ್ರ ಅವತ್ತಿಗೇ ಮುಗೀತು" ಎಂದು ಅಕ್ಕ ನನ್ನ ತಟ್ಟೆಯ ಉಪ್ಪಿಟ್ಟನ್ನು ತನ್ನ ಕಡೆಗೆ ಎಳೆದುಕೊಂಡಳು. ಬೆಳಿಗ್ಗೆಯಿಂದ ಅವಳು ಏನನ್ನೂ ತಿಂದಿರಲಿಲ್ಲ. ವಾಕಿಂಗಿನಿಂದ ಬಂದ ಹೆಂಡತಿ ಬಾಗಿಲ ಬಳಿ ಲಗೇಜ್ ಆಟೋ, ಬೈಕು ಎರಡನ್ನೂ ಕಂಡು ಏದುಸಿರು ಬಿಡುತ್ತ ಒಳಗೆ ಬಂದಳು. ನಡೆದದ್ದನ್ನು ಕೇಳಿ, "ಇವರು ರಿಟೈರ್ ಆಗಬಾರದಿತ್ತು ಅಕ್ಕ" ಎಂದಷ್ಟೇ ಹೇಳಿ ಇನ್ನೊಂದು ಬಾಣಲೆ ಒಲೆಯ ಮೇಲಿಟ್ಟಳು.

ಮರುದಿನ ನಾನು ಹಾಲಿನವನು ಬರುವ ಮೊದಲೇ ಎದ್ದು ಕುಳಿತಿದ್ದೆ. ಫೋನು ಮೇಜಿನ ಮೇಲಿತ್ತು. ಕೈಗಳನ್ನು ಎದೆಗೆ ಕಟ್ಟಿಕೊಂಡಿದ್ದೆ. ಬೀದಿಯಲ್ಲಿ ಯಾರೋ ಬಾಗಿಲಿಗೆ ನೀರು ಹಾಕಿ ರಂಗೋಲಿಯಿಡುತ್ತಿದ್ದರು. ಫೋನು ಸದ್ದು ಮಾಡಿತು. ಅಷ್ಟು ಸಿದ್ಧನಾಗಿದ್ದರೂ ನನ್ನ ಬಲಗೈ ತಾನಾಗಿ ಮುಂದೆ ಹೋಯಿತು. ಜೀವನವಿಡೀ ಒಂದೇ ರಿಂಗಿಗೆ ಎತ್ತಿದ ಕೈ. ಎಡಗೈಯಿಂದ ಅದನ್ನು ಹಿಡಿದುಕೊಂಡೆ. ಸದ್ದು ನಿಂತಿತು. ಪರದೆಯ ಮೇಲೆ ಅಕ್ಕ ಎಂಬ ಎರಡಕ್ಷರ ಉಳಿದವು. ಅವಳು ಎದ್ದಿದ್ದಾಳೆ, ಹಸುವಿಗೆ ಹುಲ್ಲು ಹಾಕಿದ್ದಾಳೆ, ಕೇಳಬೇಕಾದದ್ದು ಏನೂ ಇಲ್ಲ. ನಾನೂ ಒಂದು ರಿಂಗು ಕೊಟ್ಟು ಇಟ್ಟೆ.

ಅಲ್ಲಿಗೆ ನೆಮ್ಮದಿಯಾಗಿರಬೇಕಿತ್ತು. ಆದರೆ ಇಬ್ಬರಲ್ಲಿ ಮೊದಲು ಯಾರಿಗೆ ಎಂಬ ಪ್ರಶ್ನೆ ಆಗಲೇ ಎದ್ದು ಕುಳಿತಿತ್ತು. ಪರಿಶೀಲಿಸದೆ ಬಿಡುವುದು ನನ್ನ ಸ್ವಭಾವವಲ್ಲ. ತಡಮಾಡದೆ ತಮ್ಮನಿಗೆ ಫೋನು ಮಾಡಿದೆ. ನಿದ್ದೆಗಣ್ಣಿನಲ್ಲಿ ಎತ್ತಿದ.

"ಎದ್ದಿದೀಯೇನೋ?" ಎಂದೆ.

"ಇಡಣ್ಣ ಫೋನು, ಲೈನ್ ಬಿಡು" ಎಂದ ಅವನು, ಅರ್ಧ ಆಕಳಿಸುತ್ತ. "ಅಕ್ಕಂದು ಬರೋ ಹೊತ್ತು. ಇನ್ನೂ ಎದ್ದಿಲ್ಲ ಅನ್ಸುತ್ತೆ."

ಎದ್ದಿದ್ದಾಳೆ ಎಂದು ನಾನು ಹೇಳಲಿಲ್ಲ. ಆ ಸುದ್ದಿಯನ್ನು ನನ್ನಲ್ಲೇ ಇಟ್ಟುಕೊಂಡು ಫೋನು ಕೆಳಗಿಟ್ಟೆ.